ಹಿಂಬದಿಗೆ ಸಹಿಯಿಲ್ಲದ ನಲವತ್ತೆಂಟು

ಹಿರೇಸಂಗಾಳ
12 ನವೆಂಬರ್ 2007

ಗೆಳೆಯ ಚಂದಪ್ಪನಿಗೆ ಗುರುಪಾದಪ್ಪ ಮಾಸ್ತರನ ನಮಸ್ಕಾರ.

ನಿನ್ನ ವಿಳಾಸ ಇನ್ನೂ ಇದೇ ಎಂದು ನಂಬಿ ಬರೆಯುತ್ತಿದ್ದೇನೆ. ಸೊಲ್ಲಾಪುರದಲ್ಲಿ ನೀನಿದ್ದ ಗಿರಣಿ ಮುಚ್ಚಿತೆಂದು ಯಾರೋ ಹೇಳಿದ್ದರು. ಚಾಳಿನಲ್ಲೇ ಇದ್ದೀಯೋ, ಮಗಳ ಮನೆಗೆ ಹೋದೆಯೋ ತಿಳಿಯದು. ಮುಟ್ಟಿದರೆ ಮುಟ್ಟಿತು.

ಮೊದಲು ಮನೆಯ ಸುದ್ದಿ. ನೀಲಗಂಗಾ ಹೋಗಿ ಮೊನ್ನೆಯ ದೀಪಾವಳಿಗೆ ಎರಡು ವರ್ಷವಾಯಿತು. ನಿನಗೆ ತಿಳಿಸಲಿಲ್ಲ, ತಪ್ಪು ತಿಳಿಯಬೇಡ. ಆಗ ಯಾರಿಗೂ ತಿಳಿಸುವ ಸ್ಥಿತಿ ಇರಲಿಲ್ಲ. ಈಗ ನಾನು ಅಡಿಗೆ ಕಲಿತಿದ್ದೇನೆ, ಅಂದರೆ ಅನ್ನ ಮತ್ತು ಜುಣಕ. ರೊಟ್ಟಿ ಖಾನಾವಳಿಯಿಂದ ಬರುತ್ತದೆ. ನಲವತ್ತೊಂದು ವರ್ಷದ ಸಂಸಾರದಲ್ಲಿ ಆಕೆ ಒಂದು ದಿನವೂ ನನ್ನ ಹೆಸರನ್ನು ಬಾಯಿಂದ ತೆಗೆಯಲಿಲ್ಲ ನೋಡು. ಆಸ್ಪತ್ರೆಯಲ್ಲಿ ನರ್ಸು ಫಾರಮ್ಮು ತುಂಬುತ್ತ ಗಂಡನ ಹೆಸರೇನಮ್ಮಾ ಎಂದು ಕೇಳಿದರೆ, ಉಸಿರು ಸಿಗುತ್ತಿರಲಿಲ್ಲ, ಆದರೂ ನನ್ನ ಕಡೆ ಗದ್ದ ತೋರಿಸಿ, "ಅವರನ್ನಽ ಕೇಳ್ರಿ" ಅಂದಳು. ಆ ನರ್ಸು ಕೇರಳದವಳು, ಅವಳಿಗೆ ಏನು ತಿಳಿಯಬೇಕು!

ಈಗ ಮುಖ್ಯ ವಿಷಯ. ನಮ್ಮ ಹಿರೇಸಂಗಾಳ ವಿಧಾನಸಭಾ ಕ್ಷೇತ್ರವನ್ನು ಸರಕಾರದವರು ತೆಗೆದುಬಿಡುತ್ತಿದ್ದಾರೆ. ಡಿಲಿಮಿಟೇಶನ್ ಅಂತೆ. ಅರ್ಧ ಊರುಗಳು ಮೂಡಲಿನ ಕ್ಷೇತ್ರಕ್ಕೆ, ಉಳಿದರ್ಧ ಪಡುವಲಿನದಕ್ಕೆ. ಐವತ್ತು ವರ್ಷ, ಹನ್ನೊಂದು ಚುನಾವಣೆ ಕಂಡ ಕ್ಷೇತ್ರ ಮುಂದಿನ ಚುನಾವಣೆಗೆ ಇರುವುದಿಲ್ಲ. ನಿವೃತ್ತ ಶಿಕ್ಷಕರ ಸಂಘದವರು ಅದರ ನೆನಪಿಗೊಂದು ಪುಸ್ತಕ ತರುತ್ತಿದ್ದಾರೆ. ಹನ್ನೊಂದರಲ್ಲಿ ಏಳಕ್ಕೆ ಡ್ಯೂಟಿ ಮಾಡಿದವನು ನಾನೆಂದು ಚುನಾವಣೆಯ ಇತಿಹಾಸ ಬರೆಯುವ ಕೆಲಸ ನನ್ನ ಕೊರಳಿಗೆ ಬಿದ್ದಿದೆ. ಫೆಬ್ರುವರಿ ಕೊನೆಗೆ ಅಚ್ಚಿಗೆ ಕೊಡಬೇಕು. ನಮ್ಮ ಇಂಗ್ಲಿಷ್ ಪ್ರೊಫೆಸರು ಕೋಟಿನ ಕಿಸೆಯಿಂದ ಶೇಂಗಾ ತಿನ್ನುತ್ತ ಹೇಳುತ್ತಿದ್ದರಲ್ಲ, ಹಿಸ್ಟರಿ ಈಸ್ ದಿ ಏನೋ ಆಫ್ ಏನೋ ಅಂತ. ಎರಡು ಏನೋಗಳೂ ಈಗ ಮರೆತುಹೋಗಿವೆ.

57ರದು ಬರೆದಾಯಿತು. ಚಕ್ಕಡಿಯಲ್ಲಿ ಮತಪೆಟ್ಟಿಗೆ ಬಂದದ್ದು, ಪೆಟ್ಟಿಗೆಗೆ ಮುತ್ತೈದೆಯರು ಕುಂಕುಮ ಹಚ್ಚಿ ಆರತಿ ಎತ್ತಿದ್ದು, ಸಾಹೇಬ ಸಿಟ್ಟಾಗಿ ಅದನ್ನು ಒರೆಸಿಸಿದ್ದು. 62, 67 ಕೂಡ ಆದವು. ನಿನ್ನ ಹತ್ತಿರ ಹಳೆಯ ಕರಪತ್ರ, ಫೋಟೋ ಇದ್ದರೆ ಕಳಿಸು. ನೀನು ಚುನಾವಣೆಗೆ ನಿಂತಾಗಿನ ದೋಣಿ ಗುರುತಿನ ಚೀಟಿ ಒಂದಾದರೂ ಇರಬಹುದು.

ಇಂತಿ ನಿನ್ನ
ಗುರುಪಾದಪ್ಪ


ಸೊಲ್ಲಾಪುರ
26 ನವೆಂಬರ್ 2007

ಮಾಸ್ತರ,

ಕಾಗದ ಮುಟ್ಟಿತು. ಚಾಳಿನಲ್ಲೇ ಇದ್ದೇನೆ, ಸಾಯುವವರೆಗೂ ಇಲ್ಲೇ. ನೀಲಗಂಗವ್ವನ ಸುದ್ದಿ ಓದಿ ಆ ದಿನ ಊಟ ಸೇರಲಿಲ್ಲ. ಹಾಸ್ಟೆಲ್ಲಿನಲ್ಲಿ ಅಂಬಿಗರ ಹುಡುಗನ ಪಕ್ಕ ಮಲಗುವುದಿಲ್ಲ ಎಂದು ಮೂವರು ರೂಮು ಬಿಟ್ಟಾಗ ನೀನೊಬ್ಬ ಹಾಸಿಗೆ ಹೊತ್ತು ಒಳಗೆ ಬಂದೆ. ಹದಿನೈದು ವರ್ಷದ ಮೇಲೆ ನಿನ್ನ ಹೆಂಡತಿ ನನಗೆ ಒಲೆಯ ಮುಂದೆಯೇ ಎಡೆ ಹಾಕಿದಳು. ಇವೆರಡನ್ನೂ ನಾನು ಮರೆತಿಲ್ಲ.

ಕ್ಷೇತ್ರ ಹೋದರೆ ಹೋಗಲಿ. ನಮ್ಮ ಹೊಳೆಬನ್ನೂರೇ ಆಣೆಕಟ್ಟಿನ ನೀರಿಗೆ ಹೋಯಿತು, ಕ್ಷೇತ್ರ ಇಟ್ಟುಕೊಂಡು ಏನು ನೆಕ್ಕುವುದು? ಆದರೂ ನೀನು ಬರೆಯುತ್ತಿದ್ದೀ ಅಂದರೆ ಖರೇ ಬರೆಯುತ್ತೀ ಎಂಬ ಧೈರ್ಯವಿದೆ. ಚೀಟಿ ಒಂದು ಸಿಕ್ಕಿತು, ಇದರ ಜೊತೆ ಇಟ್ಟಿದ್ದೇನೆ. 'ಮುಳುಗುವ ಏಳೂ ಊರಿಗೆ ಒಂದೇ ಕಡೆ ನೆಲ. ದೋಣಿಗೆ ನಿಮ್ಮ ಮತ.' ಅಚ್ಚಿನ ಮಸಿ ಇನ್ನೂ ಕೈಗೆ ಹತ್ತುತ್ತದೆ, ಅಷ್ಟು ಕಡಿಮೆ ದರದ ಮಸಿ.

83ರದು ಬರೆದ ಮೇಲೆ ನನಗೊಮ್ಮೆ ತೋರಿಸು.

ಚಂದಪ್ಪ


ಹಿರೇಸಂಗಾಳ
17 ಡಿಸೆಂಬರ್ 2007

ಗೆಳೆಯ ಚಂದಪ್ಪನಿಗೆ,

ಚೀಟಿ ನೋಡಿ ಸಂತೋಷವಾಯಿತು. ಅದನ್ನು ಪುಸ್ತಕದ ನಡುಪುಟಕ್ಕೆ ಹಾಕಿಸುತ್ತೇನೆ. ಇದರ ಜೊತೆ ಕರಡು ಕಳಿಸಿದ್ದೇನೆ, ಎನ್‌ಕ್ಲೋಸ್ಡ್ ಹಿಯರ್‌ವಿತ್ ಪ್ಲೀಸ್ ಫೈಂಡ್. ನೋಡಿದೆಯಾ, ಇದೊಂದು ಸಾಲು ಮಾತ್ರ ತಪ್ಪಿಲ್ಲದೆ ಉಳಿದಿದೆ, ನೌಕರಿಯುದ್ದಕ್ಕೂ ಬರೆದ ಪುಣ್ಯ.

72ರಲ್ಲಿ ಬರಗಾಲ, ಮತ ಹಾಕಲು ಬಂದವರು ಮೊದಲು ಕಾಳಿನ ಚೀಟಿ ಕೇಳಿದರು. 78ರಲ್ಲಿ ಇಬ್ಬರು ಅಭ್ಯರ್ಥಿಗಳದ್ದು ಒಂದೇ ಹೆಸರು, ಒಂದೇ ಅಡ್ಡಹೆಸರು. ಜನ ಅವರನ್ನು ಕರಿಯ, ಕೆಂಪ ಎಂದು ಗುರುತಿಸಿದರು. 85ರಲ್ಲಿ ನಾನು ಗುಡ್ಡದ ತಾಂಡಾದಲ್ಲಿದ್ದೆ. 89, 94 ಸಪ್ಪೆ. ಮತಪತ್ರ ಹೋಗಿ ಯಂತ್ರ ಬಂದ ಮೇಲೆ ಪ್ರಿಸೈಡಿಂಗ್ ಆಫೀಸರನಿಗೆ ಏನು ಕಿಮ್ಮತ್ತು? ಗುಂಡಿ ಒತ್ತಿದರೆ ಪೀ ಅನ್ನುತ್ತದೆ. ಹಿಂಬದಿಗೆ ಸಹಿ ಇಲ್ಲ, ಮೊಹರು ಇಲ್ಲ.

99ರದನ್ನು ಸ್ವಲ್ಪ ಉದ್ದ ಬರೆದಿದ್ದೇನೆ, ಓದು. ನಿಮ್ಮ ಊರು ಮುಳುಗಿ ಆಗಲೇ ಎರಡು ವರ್ಷ. ಮತದಾರರ ಪಟ್ಟಿಯಲ್ಲಿ ಮಾತ್ರ ಮನೆ ನಂಬರಿನ ಸಮೇತ ಊರು ನಿಂತಿತ್ತು. ಗುಡ್ಡದ ಮೇಲಿನ ಪುನರ್ವಸತಿ ಜಾಗದಲ್ಲಿ ತಗಡಿನ ಶೆಡ್ಡಿಗೆ 'ಬೂತ್ ನಂ. 63, ಹೊಳೆಬನ್ನೂರು' ಎಂದು ಕಾಗದ ಅಂಟಿಸಿದ್ದರು. ನಾಲ್ಕು ದಿಕ್ಕಿಗೆ ಚದುರಿದ ಜನ ಟ್ರ್ಯಾಕ್ಟರಿನಲ್ಲಿ ಬಂದು, ಮತ ಹಾಕುವುದನ್ನು ಬಿಟ್ಟು ಒಬ್ಬರ ಕೊರಳು ಒಬ್ಬರು ಹಿಡಿದು ಅತ್ತರು. ಮುದುಕ ಯಂಕಪ್ಪ ಪೋಲಿಂಗ್ ಆಫೀಸರನಿಗೆ, "ನನ್ನ ಮನಿ ನಂಬರ ನೂರಾಹನ್ನೆಲ್ಡು ಅಂತ ಬರದೀರಲ್ಲ ಸಾಹೇಬರ, ಅಲ್ಲೀಗ ಮೀನ ಸಂಸಾರ ಮಾಡ್ಯಾವ. ಅವಕ್ಕೂ ಒಂದೊಂದ ಚೀಟಿ ಕೊಟ್ಟಬಿಡ್ರಿ" ಅಂದ. ಎಲ್ಲರೂ ನಕ್ಕರು. ಆಮೇಲೆ ಯಾರೂ ನಗಲಿಲ್ಲ.

ಚಳಿ ಜಾಸ್ತಿಯಾಗಿದೆ, ಮಂಡಿ ಹಿಡಿಯುತ್ತವೆ. ನೀನು ಆರೋಗ್ಯ ನೋಡಿಕೋ.

ನಿನ್ನ
ಗುರುಪಾದಪ್ಪ


ಸೊಲ್ಲಾಪುರ
2 ಜನವರಿ 2008

ಮಾಸ್ತರ,

ಕರಡನ್ನು ಎರಡು ಸಲ ಓದಿದೆ. 78 ಆದ ಮೇಲೆ 85 ಬರುತ್ತದೆ. ನಡುವಿನ ಹಾಳೆ ಅಂಚೆಯಲ್ಲಿ ಕಳೆಯಿತೇ ಎಂದು ಪುಟದ ನಂಬರು ನೋಡಿದೆ. ಕಳೆದಿಲ್ಲ. ನೀನೇ ಬರೆದಿಲ್ಲ.

ಯಾಕೆ ಬರೆದಿಲ್ಲ ಎಂದು ಗೊತ್ತಾಯಿತು. ನನ್ನ ಮನಸ್ಸು ನೋಯಬಾರದೆಂದು. ನಿನ್ನ ಈ ಹೆಂಗರುಳು ಹಾಸ್ಟೆಲ್ಲಿನ ಕಾಲದ್ದು, ಹೋಗಿಲ್ಲ. ಆದರೆ ನಾನು ಅತ್ತು ಮುಗಿಸಿ ಇಪ್ಪತ್ತೈದು ವರ್ಷ ಆಯಿತು. ಇದ್ದದ್ದನ್ನು ಬರಿ. ನಿನ್ನ ಕೈ ತಡೆದರೆ ನಾನೇ ಹೇಳುತ್ತೇನೆ, ಬರಕೋ.

ನಾನು ಸೋತದ್ದು ಇಪ್ಪತ್ತೊಂಬತ್ತು ಮತಕ್ಕೆ. ನಮ್ಮೂರ 63ನೇ ಬೂತಿನ ಪೆಟ್ಟಿಗೆಯಲ್ಲಿ ನಲವತ್ತೆಂಟು ಮತಪತ್ರಗಳ ಹಿಂಬದಿಗೆ ಪ್ರಿಸೈಡಿಂಗ್ ಆಫೀಸರನ ಸಹಿಯೂ ಇರಲಿಲ್ಲ, ಮೊಹರೂ ಇರಲಿಲ್ಲ. ಅದರಲ್ಲಿ ನಲವತ್ಮೂರು ದೋಣಿಗೆ ಬಿದ್ದಿದ್ದವು, ಗೆದ್ದವನಿಗೆ ಮೂರೇ. ಸಹಿ ಇಲ್ಲವೆಂದು ಅವನ್ನು ತೆಗೆದುಹಾಕಿದರು. ಎಣಿಸಿದ್ದರೆ ಹನ್ನೊಂದು ಮತದಿಂದ ಗೆಲ್ಲುತ್ತಿದ್ದೆ. ಆ ಬೂತಿನ ಆಫೀಸರು ನೀನು. ಎಣಿಕೆಯ ಸಾಹೇಬ ನಿನ್ನನ್ನು ಕರೆಸಿ ಕೇಳಿದ. ನಾನು ಕೊಟ್ಟ ಪ್ರತಿಯೊಂದಕ್ಕೂ ಸಹಿ ಮಾಡಿದ್ದೇನೆ, ಗದ್ದಲದಲ್ಲಿ ಮೇಜಿನ ಮೇಲಿನ ಒಂದು ಕಟ್ಟನ್ನು ಯಾರೋ ಎತ್ತಿರಬೇಕು ಎಂದು ನೀನು ಬರೆದು ಕೊಟ್ಟೆ. ಮರೆತೆ ಅಂದಿದ್ದರೆ ಸಾಹೇಬ ಎಣಿಸುತ್ತಿದ್ದ, ಗೆಳೆಯನ ಗೆಲುವು ನಿನ್ನ ಕೈಯಲ್ಲಿತ್ತು. ಆದರೂ ನೀನು ಸುಳ್ಳು ಹೇಳಲಿಲ್ಲ. ಸೋತ ಆ ದಿನವೂ ನಿನ್ನ ಬಗ್ಗೆ ನನಗೆ ಹೆಮ್ಮೆ ಆಗಿತ್ತು, ತಿಳಿ.

ಮೇಜಿನ ಹತ್ತಿರ ನಿಂತಿದ್ದ ಏಜಂಟ ಒಬ್ಬನೇ, ನನ್ನ ತಮ್ಮ ಹುಲುಗಪ್ಪ. ಹಿಂದಿನ ದಿನ ಅವನೇ, "ಅಣ್ಣಾ, ನೀ ಚಿಂತಿ ಬಿಡು, ಹ್ಯಾಂಗರ ಮಾಡಿ ಗೆಲ್ಲಸ್ತೀನಿ" ಅಂದಿದ್ದ. ಊರ ಚಾವಡಿಯಲ್ಲಿ ಎಲ್ಲರ ಮುಂದೆ ಕೇಳಿದೆ. ಏನು ಹೇಳಿದ ಗೊತ್ತೇ? "ನಾ ಏನೂ ಮುಟ್ಟಿಲ್ಲಣ್ಣಾ. ಮಾಸ್ತರ ಸಹಿ ಮಾಡೂದ ಮರತಾರ, ನಾ ಕಣ್ಣಾರೆ ನೋಡೀನಿ" ಅಂದ. ತನ್ನ ಕಳವನ್ನು ನಿನ್ನ ತಲೆಗೆ ಕಟ್ಟಿದ! ಅಲ್ಲೇ ಕಪಾಳಕ್ಕೆ ಹೊಡೆದೆ. ಅವನ ಮೇಲೆ ಕೇಸಾಯಿತು, ಎರಡು ವರ್ಷ ಕೋರ್ಟಿಗೆ ಅಲೆದ, ಸಾಕ್ಷಿ ಸಿಗದೆ ಬಿಟ್ಟರು. ಕೋರ್ಟು ಬಿಟ್ಟಿತು, ನಾನು ಬಿಡಲಿಲ್ಲ. ಊರು ಬಿಟ್ಟು ಇಲ್ಲಿಗೆ ಬಂದೆ. ಅವತ್ತಿನಿಂದ ಮಾತಿಲ್ಲ.

ಅವನಿಗೆ ಈಗ ಮೈಯಲ್ಲಿ ಹುಷಾರಿಲ್ಲವಂತೆ. ಒಮ್ಮೆ ಬಂದು ಹೋಗೆಂದು ಯಾರ ಕೈಲೋ ಹೇಳಿ ಕಳಿಸಿದ್ದ. ಬರುವುದಿಲ್ಲ ಎಂದು ಹೇಳಿ ಕಳಿಸಿದೆ.

ಅವನ ಹೆಸರು ಹಾಕಿಯೇ ಬರಿ. ಅಣ್ಣನೇ ಬರೆಸಿದ ಎಂದು ಬರಿ.

ಚಂದಪ್ಪ


ಹಿರೇಸಂಗಾಳ
20 ಜನವರಿ 2008

ಗೆಳೆಯ ಚಂದಪ್ಪನಿಗೆ,

ನಿನ್ನ ಕಾಗದಕ್ಕೆ ಉತ್ತರ ತಡವಾಯಿತು. ಸಂಕ್ರಮಣಕ್ಕೆ ಮಗ, ಸೊಸೆ ಬಂದಿದ್ದರು. ಎಳ್ಳು-ಬೆಲ್ಲ ಹಂಚುವುದು, ಹೊಳೆಗೆ ಹೋಗುವುದು, ಈಗಿನ ಹೊಳೆಯೋ ಸಮುದ್ರವೋ.

83ರ ವಿಷಯ ವಿಚಾರ ಮಾಡಿದೆ. ಒಂದು ವರ್ಷದ ಚುನಾವಣೆಗೆ ಇಷ್ಟು ಉದ್ದ ಬರೆದರೆ ಪುಸ್ತಕದ ಪ್ರಪೋರ್ಷನ್ ಕೆಡುತ್ತದೆ. ಗೆದ್ದವನು, ಸೋತವನು, ಅಂತರ, ಅಷ್ಟೇ ಸಾಕು. ಹೆಸರು ಬೇಡ. ಇಪ್ಪತ್ತೈದು ವರ್ಷದ ಹಿಂದಿನ ಮಾತು, ಅವನಿಗೂ ಮಕ್ಕಳು ಮೊಮ್ಮಕ್ಕಳು ಇದ್ದಾರೆ.

ಮೊನ್ನೆ ನಾನು ಹೊಳೆಬನ್ನೂರು ಪುನರ್ವಸತಿಗೆ ಹೋಗಿದ್ದೆ, ಬೂತಿನ ಫೋಟೋ ತೆಗೆಸಲು. ಹುಲುಗಪ್ಪನನ್ನು ಕಂಡೆ. ಬಹಳ ಇಳಿದಿದ್ದಾನೆ, ಹೊಟ್ಟೆ ಊದಿದೆ. ಅಂಗಳದಲ್ಲಿ ಹಳೆಯ ಹರಿಗೋಲನ್ನು ಕವುಚಿ ಹಾಕಿ ಅದರ ನೆರಳಿಗೆ ಮಲಗಿದ್ದ. ನಿನ್ನ ಬಗ್ಗೆ ಕೇಳಿದ. ಚಹಾ ಕೊಡಿಸಿದ. ಬೇರೆ ಏನೂ ವಿಶೇಷ ಮಾತಾಗಲಿಲ್ಲ.

ಚಂದಪ್ಪ, ಒಂದು ಮಾತು ನಡೆಸಿಕೊಡು. ಒಮ್ಮೆ ಹೋಗಿ ಬಾ. ರೈಲಿಗೆ ಆರು ತಾಸಿನ ದಾರಿ. ಯಾಕೆ ಎಂದು ಕೇಳಬೇಡ. ನಾನು ಹೇಳುತ್ತಿದ್ದೇನೆ, ಹೋಗಿ ಬಾ.

ನಿನ್ನ
ಗುರುಪಾದಪ್ಪ


ಸೊಲ್ಲಾಪುರ
4 ಫೆಬ್ರುವರಿ 2008

ಮಾಸ್ತರ,

ನೀನು ಬರೆಯುವುದಿಲ್ಲ ಎಂದು ತಿಳಿಯಿತು. ಚಹಾ ಕುಡಿಸಿ ನಿನ್ನ ಮನಸ್ಸು ಕರಗಿಸಿದ್ದಾನೆ. ಹೊಟ್ಟೆ ಊದಿದರೆ ಕಳವು ಅಳಿಯುತ್ತದೇನು? ಅವನನ್ನು ನೋಡಿ ಬಾ ಎಂದು ನೀನು ಹೇಳುತ್ತೀ! ಅವನು ನಿನಗೆ ಕಟ್ಟಿದ ಮಾತನ್ನು ಓದಿಯೂ ಹೇಳುತ್ತೀಯಲ್ಲ, ನಿನ್ನ ದೊಡ್ಡತನ ನಿನ್ನ ಹತ್ತಿರ ಇರಲಿ.

ಸಂಘದ ಪುಸ್ತಕಕ್ಕೆ ನನ್ನ ಹೇಳಿಕೆಯನ್ನು ಪ್ರೆಸ್ಸಿನವನಿಗೆ ನೇರವಾಗಿ ಕಳಿಸಿದ್ದೇನೆ. ಅದರ ಪ್ರತಿ ಇದು:

'1983ರ ಚುನಾವಣೆಯಲ್ಲಿ ನನ್ನ ತಮ್ಮ ಹುಲುಗಪ್ಪನು ಬೂತ್ ನಂ. 63ರಲ್ಲಿ ನಲವತ್ತೆಂಟು ಮತಪತ್ರಗಳನ್ನು ಅಪಹರಿಸಿ ತಾನೇ ಮುದ್ರೆ ಒತ್ತಿದ್ದರಿಂದ ನನಗೆ ಸೋಲಾಯಿತು. ಮುಳುಗಡೆಯಾದ ಏಳು ಊರಿನ ಜನ ಒಂದೇ ಕಡೆ ನೆಲೆ ಸಿಗದೆ ಚದುರಲು ಇದೂ ಒಂದು ಕಾರಣ. ಈ ಬಗ್ಗೆ ನಾನು ಕ್ಷೇತ್ರದ ಮತದಾರರ ಕ್ಷಮೆ ಬೇಡುತ್ತೇನೆ.'

ಇಪ್ಪತ್ತೈದನೇ ತಾರೀಖು ಅಚ್ಚಿಗೆ ಹೋಗುತ್ತದೆ ಎಂದು ಪ್ರೆಸ್ಸಿನವನು ಫೋನಿನಲ್ಲಿ ಹೇಳಿದ. ಹೋಗಲಿ.

ಚಂದಪ್ಪ


ಹಿರೇಸಂಗಾಳ
13 ಫೆಬ್ರುವರಿ 2008

ಚಂದಪ್ಪ,

ಈ ಕಾಗದವನ್ನು ಕುಳಿತು ಓದು. ಮಗಳು ಹತ್ತಿರವಿದ್ದರೆ ಹೊರಗೆ ಕಳಿಸು.

ಹುಲುಗಪ್ಪ ಕದ್ದಿಲ್ಲ. ನಾನು ಸಹಿ ಮಾಡುವುದನ್ನು ಮರೆತೆ.

ಇದನ್ನು ಬರೆಯಲು ಇಪ್ಪತ್ತೈದು ವರ್ಷ ಹಿಡಿಯಿತು. ಬರೆದು ನೋಡಿದರೆ ಒಂದು ಸಾಲು ಕೂಡ ತುಂಬಲಿಲ್ಲ. ಉಳಿದದ್ದನ್ನೂ ಹೇಳಬೇಕು, ಇಲ್ಲದಿದ್ದರೆ ನೀನು ನಂಬುವುದಿಲ್ಲ. ಅವನಿಗೋಸ್ಕರ ನಾನು ಸುಳ್ಳು ಹೊರುತ್ತಿದ್ದೇನೆ ಅನ್ನುತ್ತೀ.

ಅವತ್ತು ಮಧ್ಯಾಹ್ನ ಎರಡಕ್ಕೆ ನಿಮ್ಮೂರ ಹೆಂಗಸರು ಒಟ್ಟಿಗೆ ಬಂದರು. ಜೋಳದ ಹೊಲದಿಂದ ಬಂದು, ಮೈ ತೊಳೆದು, ಇಳಕಲ್ಲ ಸೀರೆ ಉಟ್ಟು ಗುಂಪಾಗಿ ಬಂದಿದ್ದರು. ಪಟ್ಟಿಯಲ್ಲಿ ಏಳು ಮಂದಿ ಯಲ್ಲವ್ವ, ಐದು ಮಂದಿ ಹೊಳೆವ್ವ. ಯಾವ ಯಲ್ಲವ್ವ ಎಂದು ತಿಳಿಯಬೇಕಾದರೆ ಗಂಡನ ಹೆಸರು ಬೇಕು. ಗಂಡನ ಹೆಸರು ಹೇಳು ಅಂದರೆ ಒಬ್ಬಳೂ ಬಾಯಿ ಬಿಡಲೊಲ್ಲಳು. ಪೋಲಿಂಗ್ ಆಫೀಸರ್ ಮಂಗಳೂರ ಕಡೆಯವ, ಹೊಸಬ, ಜೋರು ಮಾಡಿದ. ಒಬ್ಬ ಮುದುಕಿ, "ಹೊಲದ ಹ್ವಾರೇ ಬಿಟ್ಟ ಬಂದೇವು, ಮರ್ಯಾದಿ ಬಿಟ್ಟ ಬಂದಿಲ್ಲೋ ಸಾಹೇಬ" ಅಂದಳು. ಸಾಲು ನಿಂತುಬಿಟ್ಟಿತು. ಆಗ ನಾನೇ, ತಿಳಿಯಿತೇ, ನಾನೇ ನಿನ್ನ ತಮ್ಮನನ್ನು ಏಜಂಟರ ಬೆಂಚಿನಿಂದ ಮೇಜಿನ ಹತ್ತಿರ ಕರೆದೆ. "ಬಾರೋ ತಮ್ಮಾ, ಇವರ ಗಂಡಂದಿರ ಹೆಸರ ನೀ ಹೇಳು, ಪುಣ್ಯಾ ಬರ್ತದ" ಅಂದೆ. ಅವನು ನಿಂತು ಒಬ್ಬೊಬ್ಬಳ ಗಂಡನ ಹೆಸರು ಹೇಳುತ್ತ ಹೋದ. ಮೇಜಿನ ಪಕ್ಕ ಅವನು ನಿಂತದ್ದು ಹೀಗೆ.

ಸಾಲಿನಲ್ಲಿ ಅವನ ಹೆಂಡತಿ ದ್ಯಾಮವ್ವನೂ ಬಂದಳು. ಇಪ್ಪತ್ತೆರಡರ ಹುಡುಗಿ. ನಾನು ಚಾಷ್ಟಿಗೆ, ನಗಿಸಲೆಂದು, "ಏನವ್ವಾ, ನಿನ್ನ ಗಂಡನ ಹೆಸರೇನು?" ಅಂದೆ. ಸೆರಗು ಎಳೆದುಕೊಂಡು ಅವನ ಕಡೆ ಗದ್ದ ತೋರಿಸಿದಳು. ಅವನು, "ಬರಕೋರಿ ಮಾಸ್ತರ, ಈಕಿ ಗಂಡ ಊರಾಗ ಭಾಳ ಚಲೋ ಮನಶ್ಯಾ ಅಂತ" ಅಂದ. ಬೂತಿಗೆ ಬೂತೇ ನಕ್ಕಿತು. ನಗುತ್ತ ನಗುತ್ತ ಹೊಸ ಕಟ್ಟನ್ನು ಬಿಚ್ಚಿ ಪಕ್ಕದವನಿಗೆ ದೂಡಿದೆ. ಪ್ರತಿ ಕಟ್ಟಿನ ಐವತ್ತು ಪತ್ರಗಳಿಗೂ ಮೊದಲೇ ಹಿಂಬದಿಗೆ ಸಹಿ ಮಾಡಿ, ಮೊಹರು ಹಾಕಿ ಕೊಡುತ್ತಿದ್ದೆ. ಅದೊಂದಕ್ಕೆ ಮಾಡಲಿಲ್ಲ. ಅದರಲ್ಲಿ ಎರಡು ಹರಿದು ರದ್ದಾದವು, ಪೆಟ್ಟಿಗೆಗೆ ಬಿದ್ದದ್ದು ನಲವತ್ತೆಂಟು. ಮುಂದಿನ ಕಟ್ಟಿಗೆ ಮತ್ತೆ ಮಾಡಿದೆ, ಹಿಂದಿನದು ನೆನಪಿಗೆ ಬರಲಿಲ್ಲ. ಆಬ್ಸೆಂಟ್ ಮೈಂಡ್ ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಹೇಳಿದರೆ ಎಷ್ಟು ಸಣ್ಣದಾಗಿ ಕಾಣುತ್ತದೆ ನೋಡು.

ಮರುದಿನ ಎಣಿಕೆಗೆ ಜೀಪು ಕಳಿಸಿ ನನ್ನನ್ನು ಕರೆಸಿದರು. ಆ ಸಾಹೇಬ ಒಳ್ಳೆಯವನು. ಪತ್ರಗಳನ್ನು ಮೇಜಿನ ಮೇಲೆ ಹರವಿ, ಮೆಲ್ಲಗೆ, "ಮಾಸ್ತರ, ಮರತಿದ್ರ ಮರತೀನಿ ಅಂತ ಒಂದ ಮಾತ ಬರದ ಕೊಡ್ರಿ. ಆಫೀಸರನ ತಪ್ಪಿಗೆ ಮತಾ ಹಾಳ ಆಗಬಾರದು ಅಂತ ಕಾಯ್ದೆ ಐತಿ. ಎಣಿಸಿಬಿಡ್ತೀನಿ" ಅಂದ. ಒಂದು ಮಾತು, ಚಂದಪ್ಪ. ಅಷ್ಟೇ ಬೇಕಿತ್ತು.

ಅಷ್ಟರಲ್ಲಿ ಆ ಕಡೆಯ ಏಜಂಟರು, "ಇಬ್ಬರೂ ಒಂದಽ ರೂಮಿನ್ಯಾಗ ಮಲಗಿದಾವರು! ಬೇಕಂತಽ ಮಾಡ್ಯಾನ! ಸಸ್ಪೆಂಡ್ ಮಾಡ್ರಿ!" ಎಂದು ಕೂಗಿದರು. ಹಿಂದಿನ ಚುನಾವಣೆಗೆ ಇಬ್ಬರು ಮಾಸ್ತರರ ನೌಕರಿ ಹೋದದ್ದನ್ನು ನೋಡಿದ್ದೆ. ನೀಲಗಂಗಾ ಮೂರನೆಯದಕ್ಕೆ ಏಳು ತಿಂಗಳ ಬಸುರಿ. ಪೆನ್ನು ಕೈಯಲ್ಲಿತ್ತು. ಕೊಟ್ಟದ್ದಕ್ಕೆಲ್ಲ ಸಹಿ ಮಾಡಿದ್ದೇನೆ ಎಂದು ಬರೆದೆ. ಹಾಗಾದರೆ ಇವು ಎಲ್ಲಿಂದ ಬಂದವು ಎಂದು ಸಾಹೇಬ ಕೇಳಿದ. ಯಾರೋ ಕಟ್ಟು ಎತ್ತಿರಬೇಕು ಎಂದು ಅದನ್ನೂ ಬರೆದೆ. ಹೆಸರು ಬರೆಯಲಿಲ್ಲ. ಹೆಸರು ಬರೆಯಲಿಲ್ಲವಲ್ಲ ಎಂದೇ ಇಷ್ಟು ವರ್ಷ ಸಮಾಧಾನ ಮಾಡಿಕೊಂಡೆ. ಮೇಜಿನ ಹತ್ತಿರ ನಿಂತವನು ಒಬ್ಬನೇ ಎಂದು ನನಗೆ ಗೊತ್ತಿರಲಿಲ್ಲವೇ?

ನೀಲಗಂಗಾಗೆ ಅವತ್ತೇ ಹೇಳಿದ್ದೆ. ಆಕೆ ಬೈಯಲಿಲ್ಲ. ನಿನ್ನ ಹೆಸರು ಮನೆಯಲ್ಲಿ ಬಂದಾಗಲೆಲ್ಲ, "ಆ ಕಾಗದ ಬರದಿರೇನು?" ಅಂತಿದ್ದಳು. ಆಸ್ಪತ್ರೆಯಲ್ಲೂ ಅಂದಳು. ನಾನು ಹೂಂ ಅಂದೆ. ಆಕೆಗೂ ಸುಳ್ಳು ಹೇಳಿ ಕಳಿಸಿದೆ.

ಮೊನ್ನೆ ಹುಲುಗಪ್ಪನ ಹತ್ತಿರ ಬೇರೆ ಮಾತಾಗಲಿಲ್ಲ ಎಂದು ಬರೆದಿದ್ದೆನಲ್ಲ, ಅದೂ ಸುಳ್ಳು. ನನ್ನನ್ನು ನೋಡಿದವನೇ ಎದ್ದು ಕೂತು, "ಏನ್ ಮಾಸ್ತರ, ಈಗರ ಸಹಿ ಮಾಡ್ತೀರೇನು?" ಅಂದ. ನಾನು ಒಂದು ಹೆಜ್ಜೆ ಹಿಂದೆ ಸರಿದೆ. "ಕುಂದರ್ರಿ, ಚಾ ಕುಡೀರಿ. ನಾ ಏನ ನಿಮ್ಮನ್ನ ಹೊಳಿಗೆ ನೂಕೂದಿಲ್ಲ" ಅಂದ. ಹೊರಡುವಾಗ ಕೈ ಹಿಡಿದು, "ಊರ ಮಂದೀಗೆ ಹೇಳಬ್ಯಾಡ್ರಿ, ಕೋರ್ಟಿಗೆ ಹೇಳಬ್ಯಾಡ್ರಿ. ಅಣ್ಣಗೊಂದ ಹೇಳ್ರಿ. ಅಂವ ಬಂದ ಒಂದ ಸಲಾ ಮಾರಿ ತೋರಸಲಿ" ಅಂದ. ಹೇಳುತ್ತೇನೆ ಅಂದೆ. ಬಂದು ನಿನಗೆ 'ಯಾಕೆ ಎಂದು ಕೇಳಬೇಡ' ಎಂದು ಬರೆದೆ. ಅವನ ಎದುರಿಗೆ ಕೂತು ಚಹಾ ಕುಡಿದು ಬಂದ ಮೇಲೂ ನನ್ನ ಕೈ ಓಡಲಿಲ್ಲ. ನಿನ್ನ ಹೇಳಿಕೆ ಅಚ್ಚಾಗುತ್ತದೆ ಎಂದಾಗ ಓಡಿತು.

ಈ ಕಾಗದ ಮುಟ್ಟಿದ ತಕ್ಷಣ ರೈಲು ಹತ್ತು. ಆಮೇಲೆ ನನಗೆ ಏನು ಮಾಡಬೇಕೋ ಮಾಡು. ಮೊದಲು ಅಲ್ಲಿಗೆ ಹೋಗು.

ಗುರುಪಾದಪ್ಪ


ಸೊಲ್ಲಾಪುರ
14 ಫೆಬ್ರುವರಿ 2008

ಮಾಸ್ತರ,

ನಿನ್ನ ಉತ್ತರ ಬಂದಿಲ್ಲ. ಸಿಟ್ಟಾಗಿದ್ದೀಯೋ ಏನೋ. ಆದರೂ ನಿನಗಲ್ಲದೆ ಬೇರೆ ಯಾರಿಗೆ ಬರೆಯಲಿ?

ಹುಲುಗಪ್ಪ ಸೋಮವಾರ ತೀರಿಕೊಂಡ. ಅವನ ಮಗ ಬೆಳಿಗ್ಗೆ ಆರಕ್ಕೆ ಫೋನು ಮಾಡಿದ. "ದೊಡ್ಡಪ್ಪಾ, ಸಂಜಿಕ ಮಣ್ಣ. ನೀ ಬರೂತನಕ ಇಡಬೇಕಂತ ಅವ್ವ ಅಂತಾಳ" ಅಂದ. ಇಡಬೇಡಿ ಅಂದೆ. ಬರುವುದಿಲ್ಲ ಅಂದೆ. ಸಂಜೆಯ ಹೊತ್ತಿಗೆ ಸ್ನಾನ ಮಾಡಿದೆ. ಯಾಕೆ ಮಾಡಿದೆ ತಿಳಿಯದು.

ಮಣ್ಣಿಗೆ ಹೋಗದೆ ಇದ್ದದ್ದು ಸರಿಯೇ ಆಯಿತು, ಅಲ್ಲವೇ? ಹೋದರೆ ಇಪ್ಪತ್ತೈದು ವರ್ಷ ನಾನು ಹಿಡಿದದ್ದೆಲ್ಲ ಸುಳ್ಳಾಗುತ್ತಿತ್ತು. ನೀನು ಖರೇ ಮನುಷ್ಯ, ನಾನು ಮಾಡಿದ್ದು ಸರಿ ಎಂದು ಒಂದು ಸಾಲು ಬರೆದರೆ ನನಗೆ ನಿದ್ದೆ ಬರುತ್ತದೆ. ನಿನ್ನ ಕಾಗದದ ದಾರಿ ನೋಡುತ್ತೇನೆ.

ಚಂದಪ್ಪ


ಹೊಳೆಬನ್ನೂರು ಪುನರ್ವಸತಿ
9 ಮಾರ್ಚ್ 2008

ಗುರುಪಾದಪ್ಪ ಮಾಸ್ತರರಿಗೆ,

ನಿಮ್ಮ ಕಾಗದ ಹದಿನಾರನೇ ತಾರೀಖು ಮುಟ್ಟಿತು. ನಮ್ಮಿಬ್ಬರ ಕಾಗದಗಳು ದಾರಿಯಲ್ಲಿ ಎಲ್ಲೋ ಒಂದನ್ನೊಂದು ದಾಟಿ ಹೋಗಿವೆ. ನೀವು ಬರೆದ ದಿನಕ್ಕೆ ಅವನು ಮಣ್ಣಾಗಿ ಎರಡು ದಿನ.

ಇಲ್ಲಿಗೆ ಬಂದು ಮೂರು ವಾರವಾಯಿತು. ಅವನನ್ನು ಹೂಳಿದ ಮಣ್ಣಿನ ಗುಪ್ಪೆ ನೀರಿನ ಅಂಚಿನಿಂದ ಹತ್ತು ಮಾರು ದೂರ ಇದೆ. ಮಳೆಗಾಲಕ್ಕೆ ನೀರು ಅಲ್ಲಿಯವರೆಗೂ ಬರುತ್ತದಂತೆ. ಮತ್ತೆಲ್ಲಿ ಮಾಡೋದು, ಅಂಬಿಗರಿಗೆ ಕೊಟ್ಟ ನೆಲ ಎಲ್ಲಾ ಇಷ್ಟಽ ಅಂತ ಹುಡುಗರು ಅಂದರು.

ಪ್ರೆಸ್ಸಿಗೆ ಹೋಗಿ ನನ್ನ ಹೇಳಿಕೆಯನ್ನು ತೆಗೆಸಿದೆ. ನಮ್ಮಿಂದ ಪುಸ್ತಕ ತಡವಾಯಿತೆಂದು ಪ್ರೆಸ್ಸಿನವನು ಗೊಣಗಿದ. ಆ ಜಾಗದಲ್ಲಿ ನಿಮ್ಮ ಹದಿಮೂರನೇ ತಾರೀಖಿನ ಕಾಗದವನ್ನು ಇದ್ದಂತೆಯೇ ಜೋಡಿಸಿದ್ದಾನೆ. ನಗೆಚಾಟಿಕೆ, ಇಂಗ್ಲಿಷು ಎಲ್ಲ ಹಾಗೇ ಇರಲಿ ಎಂದು ಹೇಳಿದ್ದೇನೆ. ಅದರ ಪ್ರೂಫನ್ನು ಇದರ ಜೊತೆ ಇಟ್ಟಿದ್ದೇನೆ. ಪ್ರತಿ ಹಾಳೆಯ ಹಿಂಬದಿಗೆ ಪೂರ್ತಿ ಸಹಿ ಮಾಡಿ ಪ್ರೆಸ್ಸಿಗೆ ಮುಟ್ಟಿಸಿ. ಒಂದನ್ನೂ ಬಿಡಬೇಡಿ.

ನಿಮ್ಮನ್ನು ಬೈಯಬೇಕೆಂದು ರೈಲಿನುದ್ದಕ್ಕೂ ಮಾತು ಕೂಡಿಸಿದ್ದೆ. ಇಲ್ಲಿಗೆ ಬಂದ ಮೇಲೆ ಬಾಯಿಗೆ ಬರಲಿಲ್ಲ. ನೀವು ಒಂದು ಸುಳ್ಳು ಬರೆದಿರಿ. ನನ್ನ ತಮ್ಮ ನನ್ನ ಮುಖ ನೋಡಿ ಖರೇ ಹೇಳಿದ, ನಾನು ಹೊಡೆದೆ. ಓದಿದವನು ಕಾಗದದ ಮೇಲೆ ಬರೆದದ್ದು, ಅದನ್ನು ನಂಬಿದೆ. ಅವನದು ಬರೀ ಬಾಯಿಮಾತು. ಹಾಸ್ಟೆಲ್ಲಿನಲ್ಲಿ ನನ್ನ ಪಕ್ಕ ಹಾಸಿಗೆ ಹಾಸಿದ ಒಬ್ಬನೇ ಒಬ್ಬನಿಗೆ ಅಷ್ಟು ದೊಡ್ಡ ಬೆಲೆ ಕೊಟ್ಟೆ. ಆ ಬೆಲೆಯನ್ನು ಹುಲುಗಪ್ಪ ತೆತ್ತ.

ನಿಮ್ಮ ಕಾಗದವನ್ನು ದ್ಯಾಮವ್ವಗೆ ಓದಿ ಹೇಳಿದೆ. ಆಕೆ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಓದಿ ಮುಗಿಯುವವರೆಗೂ ಕೈ ನಿಲ್ಲಿಸಲಿಲ್ಲ. ಆಮೇಲೆ, "ಆ ನಲವತ್ತೆಂಟರಾಗ ನಂದೂ ಒಂದ ಇತ್ತಲ್ರಿ, ಭಾವಾರ" ಅಂದಳು. ಹೌದು ಅಂದೆ. "ಎಣಿಸಲಿಲ್ಲ." ಇಲ್ಲವ್ವಾ, ಎಣಿಸಲಿಲ್ಲ ಅಂದೆ.

 ಆಕೆ ಜೋಳದೊಳಗಿನ ಹಳ್ಳು ಆರಿಸಿ ಅಂಗಳಕ್ಕೆ ಒಗೆದಳು. ಆಮೇಲೆ ಪ್ರೂಫಿನ ಹಾಳೆಯ ಕಡೆ ಗದ್ದ ತೋರಿಸಿ, "ಅದರಾಗ ಬರಿಯೂದಕ್ಕ ಇನ್ನೂ ಜಾಗಾ ಐತೇನು?" ಎಂದು ಕೇಳಿದಳು. ಇದೆ ಅಂದೆ.

"ಅವತ್ತ ಆ ಮಾಸ್ತರ ಎಲ್ಲಾರ ಮುಂದ ಗಂಡನ ಹೆಸರೇನು ಅಂತ ಕೇಳಿದ್ದ. ಇದ್ದಂವನ ಹೆಸರ ಬಾಯಾಗ ತರಬಾರದಂತ ನಾ ಹೇಳಲಿಲ್ಲ. ಈಗ ಹೇಳಬಹುದು. ಬರಕೋರಿ."

ನಾನು ಪೆನ್ನು ತೆಗೆದೆ. ಆಕೆ ಮೊರವನ್ನು ಕೆಳಗಿಟ್ಟು, ಸೆರಗು ತಲೆಯ ಮೇಲೆ ಎಳೆದುಕೊಂಡು, ನೀರಿನ ಕಡೆ ನೋಡುತ್ತ ಹೇಳಿದಳು:

"ಹುಲುಗಪ್ಪ."

ಬರೆದುಕೊಂಡಿದ್ದೇನೆ. ಕೊನೆಯ ಹಾಳೆಯಲ್ಲಿದೆ. ಅದರ ಹಿಂಬದಿಗೂ ಸಹಿ ಮಾಡಿ.

ಚಂದಪ್ಪ